ಊರಿನ ಬಾನುಲಿಗೆ ಯಾವ ಹಾಡು?

ಪ್ರಶ್ನೆ: ತಾಲ್ಲೂಕು ಕೇಂದ್ರದಲ್ಲಿ ಸಮುದಾಯ ಬಾನುಲಿ ನಡೆಸುತ್ತಿದ್ದೇವೆ. ದಿನವಿಡೀ ಹೊಸ ಸಿನಿಮಾ ಹಾಡು ಹಾಕೋಣ ಎನ್ನುತ್ತಾರೆ ನಮ್ಮ ಹುಡುಗರು. ಸರಿಯೇ?

ಉತ್ತರ: ಬೇಡ. ಆ ಹಾಡುಗಳು ಎಲ್ಲರ ಮೊಬೈಲಿನಲ್ಲೂ ಇವೆ. ಪ್ರಸಾರ ಮಾಡಲು ಹಕ್ಕುದಾರರ ಪರವಾನಗಿಯೂ ಬೇಕು. ಸಮುದಾಯ ಬಾನುಲಿಯಲ್ಲಿ ಕನಿಷ್ಠ ಶೇ. 50ರಷ್ಟು ಕಾರ್ಯಕ್ರಮ ಊರವರೇ ಸೇರಿ ಮಾಡಿದ್ದಿರಬೇಕೆಂಬುದು ನಿಯಮ. ಅದನ್ನೇ ಬಂಡವಾಳ ಮಾಡಿಕೊಳ್ಳಿ.

ಹೊತ್ತು ನೋಡಿ ಹಾಡು ಆರಿಸಿ. ಹಾಲು ಕರೆಯುವ ಹೊತ್ತಿಗೆ ತತ್ವಪದ, ವಚನ. ಮಧ್ಯಾಹ್ನ ಹೆಂಗಸರೇ ಹಾಡಿದ ಸೋಬಾನೆ, ಬೀಸುವ ಪದ. ಸಂಜೆ ಒಂದು ಗಂಟೆ ಕೇಳುಗರು ಕೋರಿದ ಚಿತ್ರಗೀತೆ. ಹಾಡಿದವರ ಒಪ್ಪಿಗೆ ಬರೆಸಿಕೊಳ್ಳಿ, ಅವರ ಹೆಸರು, ಊರು ತಪ್ಪದೆ ಹೇಳಿ. ಸಂತೆಯ ದಿನ ಜನರನ್ನು ವಿಚಾರಿಸಿ, ಅದರಂತೆ ಪಟ್ಟಿ ಬದಲಿಸಿ. ತಮ್ಮ ಅಜ್ಜಿಯ ದನಿ ಬಾನುಲಿಯಲ್ಲಿ ಬಂದರೆ ಆ ಹುಡುಗರೂ ಕಿವಿಗೊಡುತ್ತಾರೆ.