ಮೇಸ್ತ್ರಿಯ ಮೂಲಕ ಬೇಡ, ನೀನೇ ಮಾತಾಡು

ಪ್ರೀತಿಯ ಮಗು,

ಹಾಸನದ ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಯೊಂದರಲ್ಲಿ ನೀನು ಲೈನ್ ಸೂಪರ್‌ವೈಸರ್ ಆದೆ ಎಂದು ಕೇಳಿ ಮನಸ್ಸು ತುಂಬಿತು. ನಿನ್ನ ಲೈನಿನಲ್ಲಿ ಜಾರ್ಖಂಡ್, ಒಡಿಶಾ, ಅಸ್ಸಾಮಿನ ಹುಡುಗಿಯರೇ ಹೆಚ್ಚು, ಅವರಿಗೆ ಕನ್ನಡ ಬಾರದು, ನಿನಗೆ ಹಿಂದಿ ಅಷ್ಟಕ್ಕಷ್ಟೆ. "ಕೆಲಸ ತೆಗೆಯೋದು ಹೇಗಜ್ಜಿ, ನಾನೇ ಹಿಂದಿ ಕಲಿತುಬಿಡ್ಲಾ?" ಎಂದು ಕೇಳಿದ್ದೀಯ. ಚನ್ನರಾಯಪಟ್ಟಣದ ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೂ ಅರಕಲಗೂಡಿನಲ್ಲಿ ಮನೆ ಬಾಡಿಗೆಗೆ ಕೊಡುವವರಿಗೂ ಈಗ ಇದೇ ಪ್ರಶ್ನೆ. ಅದಕ್ಕೇ ನಿನಗೊಬ್ಬಳಿಗೆ ಬರೆಯಬೇಕಾದ ಕಾಗದವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಹಿಂದಿ ಕಲಿ, ಬೇಡ ಎನ್ನುವುದಿಲ್ಲ. ಭಾಷೆ ಕಲಿತು ಕೆಟ್ಟವರನ್ನು ನಾನು ಕಂಡಿಲ್ಲ. ಆದರೆ ಆ ಹುಡುಗಿಯರಿಗೆ ಕನ್ನಡ ಕಲಿಸುವುದನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಹಿಂದಿ ಕಲಿಯಬೇಡ.

ಈ ಮಾತು ಹೇಳುತ್ತಿರುವವಳು ಬಂದವರ ಮನೆಯವಳೇ. ನಾವು ಸಂಕೇತಿಗಳು. ತಮಿಳುನಾಡಿನಲ್ಲಿ ಕೇರಳದ ಗಡಿಗೆ ತಾಗಿದ ಸೆಂಗೋಟ್ಟೈ ಸೀಮೆಯಿಂದ, ನಾಚಾರಮ್ಮ ಎಂಬ ಹೆಂಗಸಿಗಾದ ಅವಮಾನದಿಂದಾಗಿ ನಮ್ಮ ಹಿಂದಿನವರು ಊರು ಬಿಟ್ಟರು ಎಂಬ ಕತೆ ನಮ್ಮ ಮನೆಗಳಲ್ಲಿ ಇಂದಿಗೂ ಇದೆ. ಒಂದು ಪಂಗಡ ಹಾಸನದ ಪಕ್ಕದ ಕೌಶಿಕದಲ್ಲಿ ನಿಂತಿತು, ಇನ್ನೊಂದು ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದಲ್ಲಿ. ಮನೆಮಾತಿನಲ್ಲಿ ತಮಿಳೂ ಇದೆ, ಮಲಯಾಳವೂ ಇದೆ, ಶತಮಾನಗಳಿಂದ ಸೇರಿಕೊಂಡ ಕನ್ನಡವೂ ಇದೆ. ಅದಕ್ಕೆ ಸ್ವಂತ ಲಿಪಿ ಇಲ್ಲ, ಬರೆಯಬೇಕೆಂದರೆ ಕನ್ನಡದಲ್ಲೇ ಬರೆಯುತ್ತೇವೆ. ನಮ್ಮಜ್ಜಿ ಅಡುಗೆಮನೆಯಲ್ಲಿ ಸಂಕೇತಿ, ಕಣದಲ್ಲಿ ಕನ್ನಡ. ಓದುಬರಹ ಬಾರದ ಹೆಂಗಸು ರಾಗಿ ಅಳೆಸುವಾಗ, ಆಳುಗಳ ಜೊತೆ ಸುಗ್ಗಿಯ ಲೆಕ್ಕ ಮಾಡುವಾಗ ಒಂದು ಮಾತೂ ತಡವರಿಸುತ್ತಿರಲಿಲ್ಲ. ಎರಡು ಭಾಷೆ ತನ್ನ ತಲೆಗೆ ಹೊರೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಾರದು.

ಮನೆಮಾತು ಬೇರೆಯಾದ ಕನ್ನಡದ ದೊಡ್ಡವರು ಎಂದರೆ ಎಲ್ಲರೂ ಬೇಂದ್ರೆಯವರನ್ನು, ಮಾಸ್ತಿಯವರನ್ನು ಹೇಳುತ್ತಾರೆ. ನಮ್ಮ ಮಗ್ಗುಲಿನವರನ್ನೇ ನೋಡು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1904ರಲ್ಲಿ ಹೇಮಾವತಿಯ ದಡದ ಗೊರೂರಿನಲ್ಲಿ ಹುಟ್ಟಿದರು. ಮನೆಯಲ್ಲಿ ಅಯ್ಯಂಗಾರ್ ತಮಿಳು. ಆದರೆ ಹಾಸನದ ಹಳ್ಳಿಗನ ಬಾಯಿಯ ಕನ್ನಡ, ಅವನ ಜಗಳ, ಅವನ ನಗೆ ಹಾಗೆಹಾಗೇ ಕಾಣಬೇಕೆಂದರೆ ಅವರ 'ಹಳ್ಳಿಯ ಚಿತ್ರಗಳು' ಓದಬೇಕು. ಅಮೆರಿಕ ನೋಡಿಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗಲೂ ಅದರೊಳಗೆ ಮಾತಾಡುತ್ತಿದ್ದವನು ಗೊರೂರಿನವನೇ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಡದ ಸಂಕೇತಿಗಳ ಊರು, ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ದಾಸರ ಪದ ಹಾಡಿದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯೂ ಸಂಕೇತಿಗಳ ಊರೇ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಕುಮಾರವ್ಯಾಸನ ಕನ್ನಡ ಉಳಿದದ್ದು ಹೀಗೆ ಗಮಕ ಹಾಡುವ ಬೇರೆ ಮನೆಮಾತಿನವರ ನಾಲಿಗೆಯ ಮೇಲೂ ಹೌದು.

ಇವರಿಗೆಲ್ಲ ಕನ್ನಡ ಬಂದದ್ದು ಹೇಗೆ? ಯಾರೂ ಬಲವಂತ ಮಾಡಿರಲಿಲ್ಲ. ಊರಿನವರು ಅವರೊಡನೆ ಕನ್ನಡದಲ್ಲಿ ಮಾತಾಡಿದರು, ಅಷ್ಟೆ. ಸಂತೆಯಲ್ಲಿ, ಹೊಲದಲ್ಲಿ, ಬಾವಿಕಟ್ಟೆಯಲ್ಲಿ ಬೇರೆ ಭಾಷೆ ಇರಲೇ ಇಲ್ಲ. ತಪ್ಪಿದರೆ ತಿದ್ದಿದರು, ನಕ್ಕರು, ಮತ್ತೆ ಕನ್ನಡದಲ್ಲೇ ಮಾತು ಮುಂದುವರಿಸಿದರು.

ಈಗ ನಾವು ಮಾಡುವುದೇನು? ಎದುರಿಗಿರುವವಳು "ನೀರು... ಎಲ್ಲಿ..." ಎಂದು ತಡವರಿಸುತ್ತಲೇ ಬಾಯಿಗೆ ಬಂದ ಹಿಂದಿಯಲ್ಲಿ ಉತ್ತರ ಕೊಟ್ಟುಬಿಡುತ್ತೇವೆ. ಉಪಕಾರ ಮಾಡಿದೆವು ಅಂದುಕೊಳ್ಳುತ್ತೇವೆ. ಅವಳು ಕಷ್ಟಪಟ್ಟು ಕೂಡಿಸಿಕೊಂಡ ಎರಡು ಮಾತು ಅಲ್ಲಿಗೇ ನಿಂತುಹೋಗುತ್ತದೆ. ಹೀಗೆ ನಾಲ್ಕೈದು ವರ್ಷ ಕಳೆದ ಮೇಲೆ "ಇಷ್ಟು ವರ್ಷ ಇಲ್ಲಿದ್ದೂ ಕನ್ನಡ ಕಲಿತಿಲ್ಲ ನೋಡಿ" ಎಂದು ಬೈಯುವವರೂ ನಾವೇ. ಇದು ನನಗೆ ತೀರ ಅನ್ಯಾಯವಾಗಿ ಕಾಣುತ್ತದೆ.

ಇನ್ನೊಂದು ತಿಳಿದಿರಲಿ. ಅವರನ್ನೆಲ್ಲ ಒಟ್ಟಿಗೆ ಹಿಂದಿಯವರು ಎನ್ನುತ್ತೀಯ. ಜಾರ್ಖಂಡಿನ ಹುಡುಗಿಯ ಮನೆಯಲ್ಲಿ ಸಾದ್ರಿ ಇರಬಹುದು, ಮುಂಡಾರಿ, ಹೋ, ಸಂತಾಲಿ ಇರಬಹುದು. ಸಂತಾಲಿ 2003ರಲ್ಲಿ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿತು, ಓಲ್ ಚಿಕಿ ಎಂಬ ತನ್ನದೇ ಲಿಪಿಯೂ ಅದಕ್ಕಿದೆ. ಒಡಿಶಾದವಳದು ಒಡಿಯಾ. ಹಿಂದಿ ಇವರಿಗೂ ಕಲಿತ ಭಾಷೆಯೇ. ನೀನು ಹರುಕು ಹಿಂದಿಯಲ್ಲಿ ಹೇಳಿದ್ದನ್ನು ಅವಳು ಹರುಕು ಹಿಂದಿಯಲ್ಲಿ ಕೇಳಿಸಿಕೊಳ್ಳುತ್ತಾಳೆ, ನಡುವೆ ಕೆಲಸ ಕೆಡುತ್ತದೆ. ನಮ್ಮನ್ನು ಬೆಂಗಳೂರಿನ ಕಚೇರಿಗಳಲ್ಲಿ ತಮಿಳರು ಎಂದು ಕರೆದಾಗ ನನಗೆ ಮೈ ಉರಿಯುತ್ತಿತ್ತು. ಆದ್ದರಿಂದ ಮೊದಲು ಕೇಳು: "ನಿಮ್ಮನೇಲಿ ಯಾವ ಭಾಷೆ?" ಈ ಪ್ರಶ್ನೆಯನ್ನು ಇಲ್ಲಿಗೆ ಬಂದಮೇಲೆ ಯಾರೂ ಅವಳನ್ನು ಕೇಳಿರುವುದಿಲ್ಲ.

ಭಾಷೆ ಬಾರದವಳ ಬದುಕು ಯಾರ ಕೈಗೆ ಹೋಗುತ್ತದೆ ಎಂಬುದನ್ನು ಈಗ ಹೇಳುತ್ತೇನೆ, ಇದೇ ನನಗೆ ಮುಖ್ಯ. ಅವಳನ್ನು ಊರಿಂದ ಕರೆತಂದ ಮೇಸ್ತ್ರಿಗೆ ಎರಡೂ ಭಾಷೆ ಬರುತ್ತದೆ. ಮಾಲೀಕನ ಮಾತು ಅವಳಿಗೆ, ಅವಳ ಮಾತು ಮಾಲೀಕನಿಗೆ ಅವನ ಬಾಯಿಂದಲೇ ಮುಟ್ಟಬೇಕು. ಓವರ್‌ಟೈಮ್ ಎಷ್ಟಾಯಿತು, ಪಿಎಫ್‌ಗೆ ಎಷ್ಟು ಹಿಡಿದರು, ಇಎಸ್‌ಐ ಕಾರ್ಡು ಎಲ್ಲಿ, ರಜೆ ಕೊಟ್ಟರೋ ಇಲ್ಲವೋ, ಎಲ್ಲ ಅವನು ಹೇಳಿದಂತೆ. ಕೋಣೆ ಹುಡುಕುವವನೂ ಅವನೇ, ಕೆಲವು ಕಡೆ ಎಟಿಎಂ ಕಾರ್ಡು ಇಟ್ಟುಕೊಳ್ಳುವವನೂ ಅವನೇ. ಒಳ್ಳೆಯ ಮೇಸ್ತ್ರಿಗಳಿಲ್ಲವೆಂದಲ್ಲ. ಆದರೆ ಒಬ್ಬನ ಒಳ್ಳೆಯತನವನ್ನು ನಂಬಿ ಇಪ್ಪತ್ತು ಹುಡುಗಿಯರ ಸಂಬಳ ನಿಲ್ಲಬಾರದು. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆಯಲ್ಲಿ ಜಾರ್ಖಂಡಿನ ಕಾರ್ಡಿಗೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೂ ಧಾನ್ಯ ಸಿಗುತ್ತದೆ. ಅಂಗಡಿಗೆ ಹೋಗಿ ಕೇಳುವಷ್ಟು ಕನ್ನಡವಿದ್ದರೆ ಅದು ಅವಳದಾಗುತ್ತದೆ. ಇಲ್ಲದಿದ್ದರೆ ಹಾಗೊಂದು ಇದೆ ಎಂಬುದೇ ಅವಳಿಗೆ ತಿಳಿಯುವುದಿಲ್ಲ. ಕನ್ನಡ ಬಂದವಳು ಸಂಬಳ ಸಾಲದಿದ್ದರೆ ಪಕ್ಕದ ಕಾರ್ಖಾನೆಯಲ್ಲಿ ತಾನೇ ಹೋಗಿ ವಿಚಾರಿಸುತ್ತಾಳೆ. ನಾಳೆ ನಿನ್ನ ಹಾಗೆ ಸೂಪರ್‌ವೈಸರೂ ಆಗುತ್ತಾಳೆ.

ಹಾಗೆಂದು ಎಲ್ಲವನ್ನೂ ಕನ್ನಡದಲ್ಲೇ ಹೇಳಿ ಅರ್ಥಮಾಡಿಕೋ ಎನ್ನುವುದೂ ತಪ್ಪು. ನಾನು ಹೀಗೆ ಗೆರೆ ಹಾಕುತ್ತೇನೆ. ಅಪಾಯ, ದುಡ್ಡು, ಕಾಯಿಲೆ: ಈ ಮೂರು ಅವಳಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಆಗಬೇಕು. ಬೆಂಕಿ ಬಿದ್ದರೆ ಯಾವ ಬಾಗಿಲು, ಸೂಜಿಯ ಗಾರ್ಡ್ ತೆಗೆಯಬಾರದು ಏಕೆ, ಕರೆಂಟಿನ ಪೆಟ್ಟಿಗೆ ಯಾರು ಮುಟ್ಟಬೇಕು ಎಂಬ ಬೋರ್ಡುಗಳು ಕನ್ನಡದ ಜೊತೆ ಅವಳ ಲಿಪಿಯಲ್ಲೂ ಇರಲಿ ಎಂದು ಮ್ಯಾನೇಜರ್‌ಗೆ ಹೇಳು. "ಕರ್ನಾಟಕದಲ್ಲಿ ಒಡಿಯಾ ಬೋರ್ಡೇ?" ಎಂದು ಯಾರಾದರೂ ಕೇಳಿದರೆ ಶ್ರವಣಬೆಳಗೊಳಕ್ಕೆ ಹೋಗಿಬರಲು ಹೇಳು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನದೇ. ಗೊಮ್ಮಟನ ಪಾದದ ಬಳಿ, ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯ ಎಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಬಂದವರಿಗೆ ತಿಳಿಯಲಿ ಎಂದು ಕಲ್ಲಿನಲ್ಲೇ ಬರೆಸಿದ ಜನ ನಾವು. ಅದರಿಂದ ಅಲ್ಲಿ ಕನ್ನಡಕ್ಕೆ ಏನೂ ಕಡಿಮೆಯಾಗಲಿಲ್ಲ.

ಕಾಯಿಲೆಯ ಮಾತು ಸ್ವಲ್ಪ ಬೇರೆ. ನೋವಿನಲ್ಲಿರುವವರಿಗೆ ಕಲಿತ ಭಾಷೆ ಕೈಕೊಡುತ್ತದೆ, ಮನೆಮಾತೇ ಬಾಯಿಗೆ ಬರುತ್ತದೆ. ಹಾಸನದ ಜಿಲ್ಲಾ ಆಸ್ಪತ್ರೆಗೆ ಯಾರನ್ನಾದರೂ ಕಳಿಸುವಾಗ ಅವಳ ಭಾಷೆ ಬಲ್ಲ ಒಬ್ಬ ಹೆಂಗಸನ್ನು ಜೊತೆಗೆ ಕಳಿಸು. ಸಿಗದಿದ್ದರೆ ಪೆನ್ಷನ್ ಮೊಹಲ್ಲಾದ ಉರ್ದು ಮನೆಮಾತಿನ ಹೆಂಗಸರನ್ನು ಕೇಳು. ಹಿಂದಿ ಬಲ್ಲವರಿಗೆ ಉರ್ದು ತಿಳಿಯುತ್ತದೆ, ಈ ಹೆಂಗಸರಿಗೆ ಕನ್ನಡವೂ ನೀರು ಕುಡಿದಷ್ಟು ಸಲೀಸು. ಹಾಸನದಲ್ಲಿ, ಹೊಳೆನರಸೀಪುರದಲ್ಲಿ ಹೊರಗಿನಿಂದ ಬಂದವರ ಮೊದಲ ತಿಂಗಳ ಬದುಕು ನಡೆಯುವುದು ಹೆಚ್ಚಾಗಿ ಇಂಥವರಿಂದಲೇ. ಗ್ಯಾರೇಜಿನಲ್ಲಿ, ಟೈಲರ್ ಅಂಗಡಿಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಅವರು ದಿನಾ ಮಾಡುವ ಈ ಕೆಲಸಕ್ಕೆ ಯಾರೂ ಒಂದು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಈ ಮೂರು ಬಿಟ್ಟರೆ ಮಿಕ್ಕ ದಿನವೆಲ್ಲ ಕನ್ನಡದಲ್ಲಿ ಮಾತಾಡು. ಬೆಳಿಗ್ಗೆ ತಿಂಡಿ ಆಯ್ತಾ ಎಂಬುದರಿಂದ ಶುರುಮಾಡು. ನಿಧಾನವಾಗಿ ಮಾತಾಡು, ಗಟ್ಟಿಯಾಗಿ ಅಲ್ಲ. ಅರ್ಥವಾಗದವರು ಕಿವುಡರು ಎಂಬಂತೆ ಕೂಗುವುದನ್ನು ನೋಡಿದ್ದೇನೆ, ಅದು ಬೇಡ. ಒಂದು ಬಟ್ಟೆ ಕೈಯಲ್ಲಿ ಹಿಡಿದು, ಹೊಲಿಗೆ ತೋರಿಸಿ, ಹೀಗಲ್ಲ ಹೀಗೆ ಎಂದು ಹೇಳಿದ ಮಾತು ಮರೆಯುವುದಿಲ್ಲ. ಪಂಜಾಬಿನ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ತರುವ ವ್ಯಾಪಾರಿಗಳಿಗೂ ಅರಕಲಗೂಡಿನಿಂದ ಗಾಡಿ ಹೂಡಿಕೊಂಡು ಹಾಸನದ ಮಾರುಕಟ್ಟೆಗೆ ಬರುತ್ತಿದ್ದ ರೈತನಿಗೂ ಚೌಕಾಸಿ ನಡೆದದ್ದು ಹೀಗೇ, ಗೆಡ್ಡೆ ಕೈಯಲ್ಲಿ ಹಿಡಿದು. ತರಗತಿಯಲ್ಲಿ ಕಲಿತವರಲ್ಲ ಅವರು.

ಮತ್ತೆ ಬಹುವಚನದಲ್ಲಿ ಮಾತಾಡು. ಇದನ್ನು ಗಟ್ಟಿಯಾಗಿ ಹಿಡಿ. ನಮ್ಮ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ, ತೋಟಗಳಲ್ಲಿ ಬಂದವರ ಕಿವಿಗೆ ಬೀಳುವ ಕನ್ನಡವೆಲ್ಲ ಬಾ, ಹೋಗು, ಎತ್ತು, ಬೇಗ ಮಾಡು. ಅವಳು ಅದನ್ನೇ ಕಲಿಯುತ್ತಾಳೆ, ಅದನ್ನೇ ಡಾಕ್ಟರ ಮುಂದೆ, ಮನೆ ಮಾಲೀಕರ ಮುಂದೆ ಆಡುತ್ತಾಳೆ. ಮರ್ಯಾದೆ ಇಲ್ಲದ ಜನ ಎಂದು ಬೈಸಿಕೊಳ್ಳುತ್ತಾಳೆ. ಅವಳಿಗೆ ಮರ್ಯಾದೆಯ ಕನ್ನಡ ಕೇಳಿಸಿದವರೇ ಇಲ್ಲ. ನೀನು "ಬನ್ನಿ, ಕೂತ್ಕೊಳ್ಳಿ" ಎಂದರೆ ಅವಳೂ ಹಾಗೇ ಎನ್ನುತ್ತಾಳೆ, ಅವಳ ಬಾಡಿಗೆ ಮನೆಯ ಬಾಗಿಲು ಅದರಿಂದಲೇ ತೆರೆಯುತ್ತದೆ.

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಲು ಹೇಳು. ಕನ್ನಡ ಅಕ್ಷರ ಆಮೇಲೆ ಬರಲಿ, ಮೊದಲು ಅವಳ ಲಿಪಿಯಲ್ಲೇ ಕನ್ನಡ ಮಾತು ಬರೆದುಕೊಳ್ಳಲಿ. ಇದು ಕೀಳು ದಾರಿ ಎಂದು ತಿಳಿಯಬೇಡ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರ ಜೂನ್‌ನಲ್ಲಿ ಪ್ರಧಾನಿಯಾದರು. ಆ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲೆ ನಿಂತು ಹಿಂದಿಯಲ್ಲಿ ಭಾಷಣ ಮಾಡಿದ್ದು ಕನ್ನಡ ಲಿಪಿಯಲ್ಲಿ ಬರೆಸಿಕೊಂಡ ಹಾಳೆ ನೋಡಿಕೊಂಡು. ರಾಜಕೀಯದಲ್ಲಿ ನಿನ್ನದು ಯಾವ ಪಕ್ಷವಾದರೂ ಆಗಲಿ, ದೆಹಲಿಗೆ ಹೊಸಬರಾಗಿ ಹೋದ ಒಬ್ಬರು ಕೆಲಸಕ್ಕೆ ಬೇಕಾದ ಭಾಷೆಯನ್ನು ತಮ್ಮ ಲಿಪಿಯಲ್ಲಿ ಹಿಡಿದದ್ದು ನಮ್ಮ ಹುಡುಗಿಯರಿಗೂ ಒಡಿಶಾದ ಹುಡುಗಿಯರಿಗೂ ಧೈರ್ಯ ಕೊಡುವಂಥದು.

ನಿನ್ನ ಜೊತೆಯವರು ಕೆಲವರು ಸಿಟ್ಟಿನಲ್ಲಿದ್ದಾರೆ ಎಂದು ಬರೆದಿದ್ದೆ. ಊರಿನ ಹುಡುಗರಿಗೆ ಕೆಲಸವಿಲ್ಲ, ಹೊರಗಿನವರನ್ನು ತುಂಬಿಕೊಳ್ಳುತ್ತಾರೆ ಎಂದು. ಆ ಸಿಟ್ಟಿಗೆ ಕಾರಣವಿದೆ. ಸ್ಥಳೀಯರಿಗೆ ಉದ್ಯೋಗ ಕೊಡಬೇಕೆಂದು 1980ರ ದಶಕದಲ್ಲೇ ಸರೋಜಿನಿ ಮಹಿಷಿ ಸಮಿತಿ ಹೇಳಿತ್ತು, ಇಂದಿಗೂ ಅದನ್ನು ಕೇಳುತ್ತಲೇ ಇದ್ದೇವೆ. ಕೇಳಬೇಕಾದದ್ದೇ. ಆದರೆ ಸರ್ಕಾರವನ್ನು ಕೇಳಿ, ಜಮೀನು ಪಡೆದ ಮಾಲೀಕರನ್ನು ಕೇಳಿ. ಊರಲ್ಲಿ ಕೂಲಿ ಸಿಗದೆ ಮೂರು ದಿನ ರೈಲಿನಲ್ಲಿ ಕೂತು ಬಂದು ನಿನ್ನ ಮುಂದೆ ಹೊಲಿಗೆ ಹಾಕುತ್ತಿರುವ ಹತ್ತೊಂಬತ್ತರ ಹುಡುಗಿಯ ಮೇಲೆ ಅದನ್ನು ತೀರಿಸಿಕೊಳ್ಳಬಾರದು. ಹೆದರಿಸಿ ಕಲಿಸಿದ ಭಾಷೆಯನ್ನು ಜನ ಬೇಕಾದಷ್ಟೇ ಆಡಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕೊನೆಗೆ ಮಕ್ಕಳ ವಿಷಯ. ಸಂಸಾರ ಕಟ್ಟಿಕೊಂಡು ಬಂದವರೂ ನಿನ್ನ ಲೈನಿನಲ್ಲಿ ಇರುತ್ತಾರೆ. ಜೂನ್ ಹೊತ್ತಿಗೆ ಅವರ ಮಕ್ಕಳನ್ನು ಹತ್ತಿರದ ಸರ್ಕಾರಿ ಶಾಲೆಗೆ ಸೇರಿಸಲು ನೀನೇ ಹೇಳು, ಆದರೆ ಒಮ್ಮೆ ಜೊತೆಗೂ ಹೋಗು. ಟಿ.ಸಿ. ಇಲ್ಲ, ಹುಟ್ಟಿದ ದಿನಾಂಕದ ದಾಖಲೆ ಇಲ್ಲ ಎಂದು ಸೇರಿಸಿಕೊಳ್ಳದೆ ವಾಪಸು ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಹಾಗೆ ಹೇಳುತ್ತದೆ. ಒಂದೆರಡು ವರ್ಷದಲ್ಲಿ ಆ ಮಗು ಅಪ್ಪಟ ಹಾಸನದ ಕನ್ನಡ ಆಡುತ್ತದೆ, ಆಗ ಮನೆಯವರೆಲ್ಲ ಅದನ್ನೇ ದುಭಾಷಿ ಮಾಡಿಕೊಳ್ಳುತ್ತಾರೆ. ಅಂಗಡಿಗೆ, ಬಸ್ಸಿಗೆ ಸರಿ. ತಾಯಿಯ ಕಾಯಿಲೆಯ ಮಾತನ್ನು, ತಂದೆಯ ಸಾಲದ ಮಾತನ್ನು ಎಂಟು ವರ್ಷದ ಮಗುವಿನ ಬಾಯಿಂದ ಹೇಳಿಸಬಾರದು. ಅಂಥ ಹೊತ್ತಿಗೆ ದೊಡ್ಡವರು ಯಾರಾದರೂ ಹೋಗಲಿ, ಇಲ್ಲವೇ ನೀನೇ ಹೋಗು.

ತಾಯಂದಿರಿಗೆ ಮನೆಯಲ್ಲಿ ತಮ್ಮ ಮಾತನ್ನು ಬಿಡಬೇಡಿ ಎಂದು ಹೇಳು. ಕನ್ನಡ ಬರಲೆಂದು ಮಗುವಿನೊಡನೆ ಹರುಕು ಕನ್ನಡ ಆಡುವುದು ಬೇಡ, ಕನ್ನಡವನ್ನು ಬೀದಿಯೂ ಶಾಲೆಯೂ ಕೊಡುತ್ತವೆ. ಒಡಿಯಾ, ಸಾದ್ರಿ ಕೊಡುವವರು ಇಡೀ ಹಾಸನ ಜಿಲ್ಲೆಯಲ್ಲಿ ಆ ಮಗುವಿಗೆ ತಾಯಿಯೊಬ್ಬಳೇ. ನಮ್ಮ ಮನೆಗಳಲ್ಲಿ ಈಗ ಮೊಮ್ಮಕ್ಕಳಿಗೆ ಸಂಕೇತಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ನಿನಗೂ ಬರುವುದಿಲ್ಲ. ದಸರಾ ರಜೆಯಲ್ಲಿ ಬಂದು ನಾಲ್ಕು ದಿನ ಇಲ್ಲಿರು, ನಾನು ನಿನ್ನೊಡನೆ ಸಂಕೇತಿಯಲ್ಲೇ ಮಾತಾಡುತ್ತೇನೆ. ನೀನು ತಡವರಿಸಿದರೂ ಕನ್ನಡಕ್ಕೆ ತಿರುಗುವುದಿಲ್ಲ.

ಇತಿ,
ನಿನ್ನ ಅಜ್ಜಿ