ನಿಬ್ಬಿನ ತುದಿಯಲ್ಲಿ ವಿಜ್ಞಾನ

ಮಕ್ಕಳೇ, ಶಾಯಿ ಪೆನ್ನಿನ ಮುಚ್ಚಳ ತೆಗೆದು ನಿಬ್ಬನ್ನು ಕೆಳಮುಖವಾಗಿ ಹಿಡಿಯಿರಿ. ಒಳಗೆ ಶಾಯಿ ತುಂಬಿದ್ದರೂ ಅದು ಸುರಿಯುವುದಿಲ್ಲ. ಕಾಗದಕ್ಕೆ ತಾಗಿಸಿದ ಕೂಡಲೇ ಇಳಿಯುತ್ತದೆ. ಇದು ಹೇಗೆ?

ನಿಬ್ಬಿನ ನಡುವೆ ಕೂದಲೆಳೆಯಂಥ ಒಂದು ಸೀಳು ಇದೆ. ಇಂಥ ಕಿರಿದಾದ ಸಂದಿನಲ್ಲಿ ಶಾಯಿ ತಾನಾಗಿಯೇ ಮುಂದೆ ಸಾಗುತ್ತದೆ. ಇದೇ ಲೋಮನಾಳ ಕ್ರಿಯೆ. ದೀಪದ ಬತ್ತಿಯಲ್ಲಿ ಎಣ್ಣೆ ಮೇಲೇರುವುದೂ ಹೀಗೆಯೇ. ತುದಿಗೆ ಬಂದು ನಿಂತ ಶಾಯಿಯನ್ನು ಕಾಗದದ ನಾರುಗಳ ನಡುವಿನ ಸಂದುಗಳು ಎಳೆದುಕೊಳ್ಳುತ್ತವೆ. ಹೊರಹೋದ ಶಾಯಿಯ ಜಾಗಕ್ಕೆ ಗಾಳಿ ಒಳಸೇರುತ್ತದೆ. ಶಾಯಿ ಮತ್ತು ಗಾಳಿಯ ಈ ಓಡಾಟವನ್ನು ಹದಗೊಳಿಸುವ ಪೆನ್ನಿಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು.

ಯಾವ ಕೆಲಸಕ್ಕೆ ಯಾವ ನಿಬ್ಬು?

1. ಸಣ್ಣ ನಿಬ್ಬು: ಕಡಿಮೆ ಶಾಯಿ ಬಿಡುತ್ತದೆ. ತೆಳು ಹಾಳೆಯ ನೋಟ್‌ಬುಕ್ಕಿಗೆ ಇದು ಒಳ್ಳೆಯದು.

2. ದಪ್ಪ ನಿಬ್ಬು: ಹೆಚ್ಚು ಶಾಯಿ ಬಿಡುತ್ತದೆ. ತೆಳು ಹಾಳೆಯಲ್ಲಿ ಅಕ್ಷರ ಹರಡಿ ಹಿಂಬದಿಗೂ ಇಳಿಯಬಹುದು.

3. ಚಪ್ಪಟೆ ತುದಿಯ ಇಟಾಲಿಕ್ ನಿಬ್ಬು: ಒಂದು ದಿಕ್ಕಿನಲ್ಲಿ ದಪ್ಪ, ಇನ್ನೊಂದು ದಿಕ್ಕಿನಲ್ಲಿ ಸಣ್ಣ ಗೆರೆ ಬರುತ್ತದೆ. ಅಲಂಕಾರದ ಬರಹಕ್ಕೆ ಬಳಸುತ್ತಾರೆ.

4. ಬಾಗುವ ನಿಬ್ಬು: ಒತ್ತಿದರೆ ಸೀಳು ಅಗಲವಾಗಿ ಗೆರೆ ದಪ್ಪವಾಗುತ್ತದೆ. ಸಾಮಾನ್ಯ ನಿಬ್ಬನ್ನು ಹೀಗೆ ಒತ್ತಬೇಡಿ. ಸೀಳು ಅಗಲವಾಗಿಯೇ ಉಳಿದರೆ ಶಾಯಿ ಸರಿಯಾಗಿ ಇಳಿಯದು.

ನಿಮ್ಮ ತರಗತಿಯಲ್ಲಿ ಎಡಗೈಯಲ್ಲಿ ಬರೆಯುವವರು ಇದ್ದಾರೆಯೇ? ಬಲಗೈಯವರು ಎಡದಿಂದ ಬಲಕ್ಕೆ ನಿಬ್ಬನ್ನು ಎಳೆಯುತ್ತಾರೆ. ಎಡಗೈಯವರು ಹೆಚ್ಚಾಗಿ ತಳ್ಳಬೇಕಾಗುತ್ತದೆ. ಆಗ ಚೂಪಾದ ಅಂಚು ಕಾಗದಕ್ಕೆ ಸಿಕ್ಕಿಕೊಳ್ಳುತ್ತದೆ. ಹಸಿ ಶಾಯಿಯ ಮೇಲೆ ಕೈ ಉಜ್ಜಿ ಅಕ್ಷರ ಅಳಿಸುತ್ತದೆ. ಇದು ಅವರ ತಪ್ಪಲ್ಲ. ಅವರನ್ನು ಕೈ ಬದಲಿಸಿ ಎನ್ನಬೇಡಿ, ನಿಬ್ಬು ಬದಲಿಸಿ ನೋಡಿ. ತುದಿ ದುಂಡಗೆ ನುಣುಪಾಗಿರುವ ಸಣ್ಣ ನಿಬ್ಬು ಸುಲಭವಾಗಿ ಜಾರುತ್ತದೆ, ಶಾಯಿಯೂ ಬೇಗ ಒಣಗುತ್ತದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಪೆನ್ಸಿಲಿನಷ್ಟು ಉದ್ದದ ಎರಡು ಬಿದಿರು ಕಡ್ಡಿ, ಶಾಯಿ, ಕಾಗದ.

ವಿಧಾನ: ಎರಡೂ ಕಡ್ಡಿಗಳ ತುದಿಯನ್ನು ಒಂದೇ ಅಗಲಕ್ಕೆ ಚಪ್ಪಟೆಯಾಗಿ ಕತ್ತರಿಸಿಕೊಡಲು ಶಿಕ್ಷಕರನ್ನು ಕೇಳಿ. ಒಂದರ ತುದಿಯಲ್ಲಿ ಮಾತ್ರ ನಡುವೆ ಸೀಳು ಮಾಡಿಸಿ. ಎರಡನ್ನೂ ಒಮ್ಮೊಮ್ಮೆ ಮಾತ್ರ ಶಾಯಿಯಲ್ಲಿ ಅದ್ದಿ, ಶಾಯಿ ಮುಗಿಯುವವರೆಗೆ ಬರೆಯಿರಿ. ಅಕ್ಷರಗಳನ್ನು ಎಣಿಸಿ ಪಟ್ಟಿ ಮಾಡಿ. ಬಳಿಕ ಕಡ್ಡಿಯನ್ನು ತಿರುಗಿಸದೆ, ಒಂದೇ ಓರೆಯಲ್ಲಿ ಹಿಡಿದು ‘ಠ’ ಬರೆಯಿರಿ.

ಯೋಚಿಸಿ: ಯಾವ ಕಡ್ಡಿ ಹೆಚ್ಚು ಅಕ್ಷರ ಬರೆಯಿತು, ಏಕೆ? ‘ಠ’ದ ವೃತ್ತದಲ್ಲಿ ಗೆರೆ ಎಷ್ಟು ಕಡೆ ಸಣ್ಣದಾಯಿತು?