ಚಂದಾ ಕೊಟ್ಟ ಮೇಲೂ ಜಾಹೀರಾತು ಏಕೆ?

ಆಳಂದದ ಬಸ್ ನಿಲ್ದಾಣದ ಹತ್ತಿರ ನಮ್ಮ ಮಾಮುವಿನ ರಿಪೇರಿ ಅಂಗಡಿ ಇದೆ. ಮಿಕ್ಸರ್, ಫ್ಯಾನ್, ಇನ್ವರ್ಟರ್ ರಿಪೇರಿ ಅವರ ಹೊಟ್ಟೆಪಾಡು. ಹಳೆಯ ರೇಡಿಯೊ ಸರಿಪಡಿಸುವುದು ಅವರ ಹವ್ಯಾಸ. ಅದಕ್ಕಾಗಿ ಕಳೆದ ವರ್ಷ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಒಂದು ಇಂಗ್ಲಿಷ್ ಪತ್ರಿಕೆಯ ಜಾಲತಾಣಕ್ಕೆ ವರ್ಷದ ಚಂದಾ ಕಟ್ಟಿದರು. ಇಂಗ್ಲಿಷ್ ಓದಿ ಹೇಳುವ ಕೆಲಸ ನನ್ನದು, ಸರ್ಕ್ಯೂಟ್ ಚಿತ್ರ ನೋಡಿ ಅರ್ಥ ಮಾಡಿಕೊಳ್ಳುವ ಕೆಲಸ ಅವರದು.

ಚಂದಾ ಕಟ್ಟಿದ ಮೊದಲ ದಿನವೇ ತೊಂದರೆ ಶುರುವಾಯಿತು. ಪುಟ ತೆರೆದ ಕೂಡಲೇ ಪರದೆ ತುಂಬ ಜಾಹೀರಾತು. ಅದನ್ನು ಮುಚ್ಚಿದರೆ ಕೆಳಗಿನಿಂದ ಇನ್ನೊಂದು ಪಟ್ಟಿ ಮೇಲೆದ್ದು ಸರ್ಕ್ಯೂಟ್ ಚಿತ್ರದ ಅರ್ಧವನ್ನು ಮುಚ್ಚುತ್ತಿತ್ತು. ನಡುವೆ ಒಂದು ವಿಡಿಯೊ ತಾನಾಗಿಯೇ ಕೂಗಲು ಶುರು ಮಾಡುತ್ತಿತ್ತು. ಒಮ್ಮೆ ಚಿತ್ರದ ಕೆಳಗಿದ್ದ ದೊಡ್ಡ ಹಸಿರು ‘ಡೌನ್‌ಲೋಡ್’ ಗುಂಡಿಯನ್ನು ಮಾಮು ಒತ್ತಿದರು. ಅದು ಪತ್ರಿಕೆಯ ಗುಂಡಿಯಾಗಿರಲಿಲ್ಲ, ಬೇರೆ ಯಾವುದೋ ಆ್ಯಪ್‌ನ ಜಾಹೀರಾತಾಗಿತ್ತು. ಅಲ್ಲಿ ಕೇಳಿದ್ದಕ್ಕೆಲ್ಲ ಒಪ್ಪಿಗೆ ಕೊಟ್ಟದ್ದರಿಂದ ಎರಡು ತಿಂಗಳು ಅವರ ಖಾತೆಯಿಂದ 99 ರೂಪಾಯಿಯಂತೆ ಹೋಯಿತು. ಅದು ಗೊತ್ತಾದ ದಿನ ಮಾಮು ನನ್ನನ್ನು ಕೂರಿಸಿಕೊಂಡು ಕೇಳಿದರು: “ಪೈಸೆ ಭೀ ಹಮೀಚ್ ದೇನಾ, ಇಶ್ತೆಹಾರ್ ಭೀ ಹಮೀಚ್ ದೇಖ್ನಾ?” ಅಂದರೆ, ದುಡ್ಡೂ ನಾವೇ ಕೊಡಬೇಕು, ಜಾಹೀರಾತೂ ನಾವೇ ನೋಡಬೇಕೇ? “ನೀನು ಕಾಮರ್ಸ್ ಓದ್ತೀಯಲ್ಲ, ಉತ್ತರ ಹೇಳು.”

ನನಗೆ ಉತ್ತರ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ವ್ಯವಹಾರ ಅಧ್ಯಯನದ ಉಪನ್ಯಾಸಕರನ್ನು ಕೇಳಿದೆ. “ಮಾರುಕಟ್ಟೆ ಮತ್ತು ಗ್ರಾಹಕ ಸಂರಕ್ಷಣೆ, ಈ ಎರಡು ಅಧ್ಯಾಯ ಸೇರಿಸಿ ಓದು. ತಿಳಿದದ್ದನ್ನು ಎಲ್ಲರಿಗೂ ಬರೆದು ಕೊಡು” ಎಂದರು. ಹಾಗೆ ಓದಿ ಬರೆದ ಪಾಠ ಇದು.

1. ಪತ್ರಿಕೆಗೆ ಎರಡು ಆದಾಯ

ಪತ್ರಿಕೆ ಎರಡು ಕಡೆ ಮಾರಾಟವಾಗುವ ಸರಕು. ಓದುಗನಿಗೆ ಅದು ಬರಹವನ್ನು ಮಾರುತ್ತದೆ. ಜಾಹೀರಾತುದಾರನಿಗೆ ಓದುಗನ ಗಮನವನ್ನು ಮಾರುತ್ತದೆ. ಇದು ಹೊಸ ವಿಷಯವೂ ಅಲ್ಲ. 1833ರಲ್ಲಿ ಅಮೆರಿಕದ ‘ನ್ಯೂಯಾರ್ಕ್ ಸನ್’ ಪತ್ರಿಕೆ ಒಂದೇ ಸೆಂಟ್‌ಗೆ ಮಾರಾಟವಾಗಲು ಸಾಧ್ಯವಾದದ್ದು ಜಾಹೀರಾತಿನ ಹಣದಿಂದ. ನಮ್ಮ ಮನೆಗಳಿಗೆ ಬರುವ ಸುಧಾ, ತರಂಗ ವಾರಪತ್ರಿಕೆಗಳಿಗೂ ನಾವು ಬೆಲೆ ಕೊಡುತ್ತೇವೆ, ಅವುಗಳಲ್ಲೂ ಜಾಹೀರಾತು ಇರುತ್ತದೆ. ಯಾರೂ ಸಿಟ್ಟಾಗುವುದಿಲ್ಲ. ಕಾಗದದ ಜಾಹೀರಾತು ತನ್ನ ಜಾಗದಲ್ಲಿ ಸುಮ್ಮನೆ ಕೂತಿರುತ್ತದೆ. ಬೇಡವಾದರೆ ಪುಟ ತಿರುವಬಹುದು.

ಜಾಹೀರಾತೇ ಬೇಡ ಎಂದ ಪತ್ರಿಕೆಗಳೂ ಇದ್ದವು. ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ಮತ್ತು ‘ನವಜೀವನ’ ಪತ್ರಿಕೆಗಳಲ್ಲಿ ಜಾಹೀರಾತು ತೆಗೆದುಕೊಳ್ಳಲಿಲ್ಲ. ಕನ್ನಡದಲ್ಲಿ ಪಿ. ಲಂಕೇಶ್ 1980ರಲ್ಲಿ ಆರಂಭಿಸಿದ ‘ಲಂಕೇಶ್ ಪತ್ರಿಕೆ’ ಜಾಹೀರಾತಿಲ್ಲದೆ ಓದುಗರ ಹಣದ ಮೇಲೆಯೇ ನಡೆಯಿತು. ಆದರೆ ಹಾಗೆ ನಡೆಯಬೇಕಾದರೆ ಪೂರ್ತಿ ಖರ್ಚನ್ನು ಓದುಗರೇ ಹೊರಬೇಕು. ಅಷ್ಟು ಜನ ಓದುಗರು ಬೇಕು, ಅವರಿಗೆ ಅಷ್ಟು ನಂಬಿಕೆಯೂ ಬೇಕು.

2. ಜಾಲತಾಣದ ಲೆಕ್ಕ

ಜಾಲತಾಣದ ಮೊದಲ ಪ್ರಸಿದ್ಧ ಪಟ್ಟಿ ಜಾಹೀರಾತು ಬಂದದ್ದು 1994ರ ಅಕ್ಟೋಬರ್ 27ರಂದು, ‘ಹಾಟ್‌ವೈರ್ಡ್’ ಎಂಬ ಅಮೆರಿಕದ ತಾಣದಲ್ಲಿ. ಅಲ್ಲಿಂದ ಮುಂದೆ ಜಾಹೀರಾತಿನ ದರವನ್ನು ಸಾಮಾನ್ಯವಾಗಿ ‘ಪ್ರತಿ ಸಾವಿರ ಪ್ರದರ್ಶನಕ್ಕೆ ಇಷ್ಟು’ ಎಂದು ಲೆಕ್ಕ ಹಾಕುತ್ತಾರೆ. ಎಷ್ಟು ಸಲ ತೋರಿಸಿದರೆ ಅಷ್ಟು ಹಣ. ಹೀಗಾಗಿ ಒಂದೇ ಪುಟದಲ್ಲಿ ಎಂಟು ಹತ್ತು ಜಾಹೀರಾತು ತುಂಬುವ ಆಸೆ ಬರುತ್ತದೆ.

ಒಂದು ಉದಾಹರಣೆ ಮಾಡೋಣ. ಅಂಕಿಗಳು ಕಲ್ಪಿತ, ವಿಧಾನ ಮಾತ್ರ ನಿಜ.

ವರ್ಷದ ಚಂದಾ 600 ರೂಪಾಯಿ. ಸಾವಿರ ಪ್ರದರ್ಶನಕ್ಕೆ ಜಾಹೀರಾತು ದರ 60 ರೂಪಾಯಿ, ಅಂದರೆ ಒಂದು ಪ್ರದರ್ಶನಕ್ಕೆ 6 ಪೈಸೆ. ಓದುಗ ತಿಂಗಳಿಗೆ 20 ಪುಟ ಓದುತ್ತಾನೆ, ಪ್ರತಿ ಪುಟಕ್ಕೆ 8 ಜಾಹೀರಾತು. ತಿಂಗಳಿಗೆ 160 ಪ್ರದರ್ಶನ, 9 ರೂಪಾಯಿ 60 ಪೈಸೆ. ವರ್ಷಕ್ಕೆ 115 ರೂಪಾಯಿ 20 ಪೈಸೆ.

ನೂರು ಚಂದಾದಾರರಿದ್ದರೆ ಚಂದಾ 60,000 ರೂಪಾಯಿ, ಜಾಹೀರಾತು 11,520 ರೂಪಾಯಿ. ಮೇಲ್ನೋಟಕ್ಕೆ ಒಳ್ಳೆಯ ಲಾಭ. ಆದರೆ ಜಾಹೀರಾತಿನ ಕಾಟಕ್ಕೆ ಬೇಸತ್ತು 17 ಜನ ಚಂದಾ ಬಿಟ್ಟರು ಎಂದುಕೊಳ್ಳಿ. ಉಳಿದ 83 ಜನರಿಂದ ಎರಡೂ ಸೇರಿ ಬರುವುದು 59,361 ರೂಪಾಯಿ 60 ಪೈಸೆ. ಜಾಹೀರಾತೇ ಇಲ್ಲದೆ ನೂರು ಜನರನ್ನು ಉಳಿಸಿಕೊಂಡಿದ್ದರೆ ಬರುತ್ತಿದ್ದ ಹಣಕ್ಕಿಂತ ಇದು ಕಡಿಮೆ! 16 ಜನ ಬಿಟ್ಟರೆ ಬಹಳ ಸಣ್ಣ ಲಾಭ ಉಳಿಯುತ್ತದೆ. ನಷ್ಟದ ಗೆರೆ ಇರುವುದು ಅಲ್ಲಿಯೇ.

ಹಾಗಾದರೆ ಮಾಲೀಕರು ಏಕೆ ಹೀಗೆ ಮಾಡುತ್ತಾರೆ? ಜಾಹೀರಾತಿನ ಹಣ ಈ ತಿಂಗಳೇ ಕಾಣುತ್ತದೆ. ಚಂದಾ ಬಿಡುವವನು ಮುಂದಿನ ವರ್ಷ ಸದ್ದಿಲ್ಲದೆ ಬಿಡುತ್ತಾನೆ. ಇನ್ನೊಂದು ಕಾರಣವೂ ಇದೆ. ಹಣ ಕೊಟ್ಟು ಓದುವವನು ಕೊಳ್ಳುವ ಶಕ್ತಿ ಇರುವವನು. ರೇಡಿಯೊ ಪತ್ರಿಕೆಗೆ ಚಂದಾ ಕಟ್ಟಿದವನು ನಾಳೆ ಸೋಲ್ಡರಿಂಗ್ ಐರನ್ ಕೊಳ್ಳಬಹುದು. ಹೀಗಾಗಿ ಜಾಹೀರಾತುದಾರನಿಗೆ ಹವ್ಯಾಸಿ ಪತ್ರಿಕೆಯ ಚಂದಾದಾರನೇ ಹೆಚ್ಚು ಬೇಕಾದವನು.

3. ಓದುಗನ ಖರ್ಚು ಚಂದಾ ಮಾತ್ರವೇ?

ಅಲ್ಲ. ಮೊಬೈಲ್ ಡೇಟಾಕ್ಕೂ ಹಣ ಕೊಡುವವರು ನಾವೇ. ಅಫಜಲಪುರ ತಾಲ್ಲೂಕಿನ ಹಳ್ಳಿಯಿಂದ ಬಂದ ನನ್ನ ಗೆಳೆಯ ಒಬ್ಬ ಕ್ರಿಕೆಟ್ ಪತ್ರಿಕೆಯ ತಾಣ ಓದುತ್ತಾನೆ. ಊರಿನಲ್ಲಿ ನೆಟ್‌ವರ್ಕ್ ಒಂದು ಕಡ್ಡಿ ಮಾತ್ರ. ಜಾಹೀರಾತಿನ ವಿಡಿಯೊ ಮೊದಲು ಬರುತ್ತದೆ, ಲೇಖನ ಆಮೇಲೆ. ಜೇವರ್ಗಿಯ ನಮ್ಮ ಸಹಪಾಠಿಯೊಬ್ಬಳು ಅಪ್ಪನ ಫೋನ್‌ನಲ್ಲಿ ಹೊಲಿಗೆ, ಕಸೂತಿಯ ವಿನ್ಯಾಸ ನೋಡುತ್ತಾಳೆ. ಅಸಭ್ಯ ಜಾಹೀರಾತು ಎದ್ದು ಬಂದಾಗ ಮನೆಯಲ್ಲಿ ಬೈಗುಳ ಅವಳಿಗೆ. ಫೋನ್ ಕೈಗೆ ಸಿಗುವುದೂ ನಿಂತುಹೋಯಿತು. ಹಣ, ಸಮಯ, ಡೇಟಾ ಇವುಗಳ ಜೊತೆ ಇಂಥ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

4. ಯಾವುದು ತಪ್ಪು, ಯಾವುದು ತಪ್ಪಲ್ಲ?

ಈ ಪಾಠದ ಮುಖ್ಯ ಭಾಗ ಇದು. ‘ನಾನು ಹಣ ಕೊಟ್ಟಿದ್ದೇನೆ, ಆದ್ದರಿಂದ ಜಾಹೀರಾತು ಇರಬಾರದು’ ಎಂದು ನಾವು ಅಂದುಕೊಳ್ಳುತ್ತೇವೆ. ಕಾನೂನು ಹಾಗೆ ಹೇಳುವುದಿಲ್ಲ. ನಾವು ಏನನ್ನು ಕೊಂಡೆವು ಎಂಬುದು ಚಂದಾ ಕಟ್ಟುವಾಗ ಕೊಟ್ಟ ಮಾತಿನಲ್ಲಿ ಇರುತ್ತದೆ. ‘ಎಲ್ಲ ಲೇಖನ ಓದಬಹುದು’ ಎಂದಿದ್ದರೆ ನಾವು ಕೊಂಡದ್ದು ಲೇಖನ ಮಾತ್ರ. ‘ಜಾಹೀರಾತು ರಹಿತ’ ಎಂದು ಬರೆದು ಆಮೇಲೆ ತೋರಿಸಿದರೆ ಅದು ಮಾತು ತಪ್ಪಿದ ಹಾಗೆ. ಅಮೆಜಾನ್ ಪ್ರೈಮ್ ವಿಡಿಯೊ 2025ರ ಜೂನ್ 17ರಿಂದ ಭಾರತದಲ್ಲಿ ಹಣ ಕೊಟ್ಟ ಸದಸ್ಯರಿಗೂ ಜಾಹೀರಾತು ತೋರಿಸಲು ಶುರು ಮಾಡಿತು. ಜಾಹೀರಾತು ಬೇಡವೆನ್ನುವವರಿಗೆ ತಿಂಗಳಿಗೆ 129 ಅಥವಾ ವರ್ಷಕ್ಕೆ 699 ರೂಪಾಯಿ ಹೆಚ್ಚುವರಿ ದರ ಇಟ್ಟಿತು. ಜಾಹೀರಾತು ಇಲ್ಲದಿರುವುದಕ್ಕೂ ಈಗ ಬೇರೆ ಬೆಲೆ ಇದೆ ಎಂಬುದು ಇದರಿಂದ ತಿಳಿಯುತ್ತದೆ.

ಹಣ ಕೊಟ್ಟವನ ಸಮಯದ ಪ್ರಶ್ನೆ ನಮ್ಮ ರಾಜ್ಯದಲ್ಲೇ ಆಯೋಗದ ಮುಂದೆ ಬಂದಿತ್ತು. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಒಬ್ಬ ಪ್ರೇಕ್ಷಕ ಟಿಕೆಟ್ ಕೊಂಡು ಸಿನಿಮಾಕ್ಕೆ ಹೋದಾಗ ಸುಮಾರು 25 ನಿಮಿಷ ಜಾಹೀರಾತು ತೋರಿಸಲಾಯಿತು. ಅವರು ದೂರು ಕೊಟ್ಟರು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ ಪಿವಿಆರ್ ಐನಾಕ್ಸ್ ವಿರುದ್ಧ ಆದೇಶ ನೀಡಿ, ದೂರುದಾರರಿಗೆ ಪರಿಹಾರದ ಜೊತೆಗೆ ಗ್ರಾಹಕ ಕಲ್ಯಾಣ ನಿಧಿಗೆ 1 ಲಕ್ಷ ರೂಪಾಯಿ ಕಟ್ಟಲು ಹೇಳಿತು. ಆದರೆ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಒಬ್ಬರ ದೂರನ್ನು ಆಯೋಗವು ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂತೆ ನಡೆಸಿದೆ ಎಂಬುದು ಅದರ ಆಕ್ಷೇಪ. ಆದ್ದರಿಂದ ‘ಹಣ ಕೊಟ್ಟವರಿಗೆ ಜಾಹೀರಾತು ತೋರಿಸಬಾರದು’ ಎಂಬ ನಿಯಮ ಈ ಪ್ರಕರಣದಿಂದ ಬಂದಿದೆ ಎಂದು ಪರೀಕ್ಷೆಯಲ್ಲಿ ಯಾರೂ ಬರೆಯಬೇಡಿ.

ಆದರೆ ಮೋಸದ ವಿಷಯ ಬೇರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ‘ಡಾರ್ಕ್ ಪ್ಯಾಟರ್ನ್’ ತಡೆಯುವ ಮಾರ್ಗಸೂಚಿ ಹೊರಡಿಸಿತು. ಗ್ರಾಹಕನ ಕಣ್ಣು ಕಟ್ಟಿ ಬೇಡದ್ದನ್ನು ಮಾಡಿಸುವ 13 ತಂತ್ರಗಳ ಪಟ್ಟಿ ಅದರಲ್ಲಿದೆ. ನಮ್ಮ ವಿಷಯಕ್ಕೆ ಸಂಬಂಧಿಸಿದ ಮೂರನ್ನು ನೋಡೋಣ.

ಅ) ಮರೆಮಾಚಿದ ಜಾಹೀರಾತು: ಜಾಹೀರಾತನ್ನು ಸುದ್ದಿ, ಲೇಖನ ಅಥವಾ ಪುಟದ ಭಾಗವೇ ಎಂಬಂತೆ ತೋರಿಸುವುದು. ಮಾಮು ಒತ್ತಿದ ಹಸಿರು ಗುಂಡಿ ಈ ಜಾತಿಯದು.

ಆ) ಪದೇ ಪದೇ ಪೀಡಿಸುವುದು: ಬೇಡ ಎಂದರೂ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಎದುರಿಗೆ ತಂದು ಓದಿಗೆ ಅಡ್ಡಿ ಮಾಡುವುದು.

ಇ) ಚಂದಾ ಬಲೆ: ಸೇರುವುದು ಸುಲಭ, ಬಿಡುವುದು ಕಷ್ಟ. ರದ್ದು ಮಾಡುವ ದಾರಿಯನ್ನು ಅಡಗಿಸಿಡುವುದು.

ಜಾಹೀರಾತು ಉದ್ಯಮದವರೇ ಸೇರಿ ಮಾಡಿಕೊಂಡ ಅಳತೆಗೋಲೂ ಒಂದು ಇದೆ. ‘ಕೋಯಲಿಷನ್ ಫಾರ್ ಬೆಟರ್ ಆ್ಯಡ್ಸ್’ ಎಂಬ ಕೂಟ 2017ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ಪರದೆ ಮೇಲೆ ಎದ್ದು ಬರುವ ಜಾಹೀರಾತು, ತಾನಾಗಿ ಧ್ವನಿಯೊಡನೆ ಓಡುವ ವಿಡಿಯೊ, ಮೊಬೈಲ್ ಪುಟದ ಶೇ 30ಕ್ಕಿಂತ ಹೆಚ್ಚು ಜಾಗ ತಿನ್ನುವ ಜಾಹೀರಾತು ಇವು ಸಲ್ಲದವು. ಇವುಗಳನ್ನು ಬಿಡದ ತಾಣಗಳ ಜಾಹೀರಾತನ್ನು ಗೂಗಲ್ ಕ್ರೋಮ್ 2018ರ ಫೆಬ್ರವರಿ 15ರಿಂದ ತಡೆಯಲು ಆರಂಭಿಸಿತು. ಮಾಮುವಿನ ದೂರು ಹಳ್ಳಿಯವರ ಅರಿಯದ ದೂರಲ್ಲ ಎಂದು ಇದನ್ನು ಓದಿದಾಗ ನನಗೆ ಸಮಾಧಾನವಾಯಿತು.

5. ನಾವು ಏನು ಮಾಡಬೇಕು?

• ಚಂದಾ ಕಟ್ಟುವ ಮೊದಲು ‘ಜಾಹೀರಾತು ಇರುತ್ತದೆಯೇ?’ ಎಂದು ನಿಯಮದಲ್ಲಿ ಹುಡುಕಿ. ಸಿಗದಿದ್ದರೆ ಇಮೇಲ್‌ನಲ್ಲಿ ಕೇಳಿ. ಉತ್ತರವನ್ನು ಉಳಿಸಿಕೊಳ್ಳಿ.

• ಹಣ ಕಟ್ಟಿದ ರಸೀದಿ ಮತ್ತು ಜಾಹೀರಾತು ಅಡ್ಡ ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ದೂರಿಗೆ ಇದೇ ಪುರಾವೆ.

• ಯುಪಿಐ ಆ್ಯಪ್‌ನಲ್ಲಿ ‘ಆಟೊಪೇ’ ವಿಭಾಗ ತೆರೆದು ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ ನೋಡಿ. ಬೇಡದ್ದನ್ನು ಅಲ್ಲಿಯೇ ರದ್ದು ಮಾಡಬಹುದು. ಮಾಮುವಿನ 99 ರೂಪಾಯಿ ನಿಂತದ್ದು ಹೀಗೆ.

• ಮೊದಲು ಕಂಪನಿಗೆ ಬರೆಯಿರಿ. ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

• ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ದೆಹಲಿಯಲ್ಲಿದ್ದರೂ ನಮಗೆ ಕಲಬುರಗಿಯೇ ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು.

• 18 ತುಂಬದ ನಮ್ಮಂಥವರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ದೂರು ಕೊಡಬಹುದು.

6. ಕೊನೆಗೆ ಮಾಮು ಏನು ಮಾಡಿದರು?

ಇಷ್ಟನ್ನೂ ಅಂಗಡಿಯಲ್ಲಿ ಕೂತು ಮಾಮುವಿಗೆ ಓದಿ ಹೇಳಿದೆ. ಅವರು ಹೇಳಿದಂತೆ ಪತ್ರಿಕೆಗೆ ಇಮೇಲ್ ಬರೆದೆ. ಮೂರೇ ಮಾತು: ನಾವು ಹಣ ಕಟ್ಟಿದ ಓದುಗರು, ಜಾಹೀರಾತು ಇರಲಿ, ಆದರೆ ಚಿತ್ರದ ಮೇಲೆ ಬೇಡ, ಸುಳ್ಳು ಗುಂಡಿ ತೆಗೆಯಿರಿ. ಹತ್ತು ದಿನಕ್ಕೆ ಉತ್ತರ ಬಂತು. ಜಾಹೀರಾತು ರಹಿತ ಯೋಜನೆ ಇಲ್ಲ, ಗುಂಡಿಯ ದೂರನ್ನು ಪರಿಶೀಲಿಸುತ್ತೇವೆ ಎಂದಿದ್ದರು. ಹಸಿರು ಗುಂಡಿ ಈಗ ಕಾಣುವುದಿಲ್ಲ. ಪಟ್ಟಿ ಮಾತ್ರ ಇನ್ನೂ ಎದ್ದು ಬರುತ್ತದೆ.

“ಜಾಹೀರಾತು ಹರಾಮಿನ ದುಡ್ಡಲ್ಲ ಬೇಟಾ” ಎಂದರು ಮಾಮು. “ಅಂಗಡಿ ತೆರೆದಾಗ ನಾನೂ ಕೇಬಲ್ ಟಿವಿಯಲ್ಲಿ ಕೊಟ್ಟಿದ್ದೆ. ಆದರೆ ಗಿರಾಕಿ ಮಿಕ್ಸರ್ ತಂದರೆ ಅವನ ಬಾಯಿ ಮುಚ್ಚಿ ನನ್ನ ಜಾಹೀರಾತು ಕೂಗಿದೆನಾ?” ಈ ವರ್ಷ ಅವರು ಜಾಲತಾಣದ ಚಂದಾ ಮುಂದುವರಿಸಲಿಲ್ಲ. ಅದೇ ಪತ್ರಿಕೆಯ ಕಾಗದದ ಪ್ರತಿಯನ್ನು ಅಂಚೆಯಲ್ಲಿ ತರಿಸುತ್ತಿದ್ದಾರೆ. ಉದಾಹರಣೆಯ ಲೆಕ್ಕದ 17 ಜನರಲ್ಲಿ ಒಬ್ಬರು ನಮ್ಮ ಮಾಮು.

ಅಭ್ಯಾಸ

1. ಪತ್ರಿಕೆಗೆ ಬರುವ ಎರಡು ಆದಾಯಗಳು ಯಾವುವು?
2. ಮೇಲಿನ ಉದಾಹರಣೆಯಲ್ಲಿ ಪುಟಕ್ಕೆ 8ರ ಬದಲು 4 ಜಾಹೀರಾತು ಇದ್ದರೆ ಎಷ್ಟು ಚಂದಾದಾರರು ಬಿಟ್ಟಾಗ ಮಾಲೀಕನಿಗೆ ನಷ್ಟ ಶುರುವಾಗುತ್ತದೆ? ಲೆಕ್ಕ ಮಾಡಿ.
3. ನಿಮ್ಮ ಮನೆಯ ಒಂದು ಫೋನ್‌ನಲ್ಲಿ ಆಟೊಪೇ ಪಟ್ಟಿ ನೋಡಿ. ಯಾವುದಕ್ಕೆ ಒಪ್ಪಿಗೆ ಕೊಟ್ಟದ್ದು ಮನೆಯವರಿಗೆ ನೆನಪಿಲ್ಲ ಎಂದು ಕೇಳಿ ಬರೆಯಿರಿ.